ಹಳೇ ದಾರಿ ಮುಚ್ಚೋ ಮೊದಲು: ಜಾನ್ ಪೋಸ್ಟೆಲ್

ಮಳೆಗಾಲದಲ್ಲಿ ನಮ್ಮ ಸಿದ್ದಾಪುರಕ್ಕೆ ಹೋದ್ರೆ ಮೊದಲು ಕರೆಂಟ್ ಹೋಗುತ್ತೆ, ಆಮೇಲೆ ನೆಟ್‌ವರ್ಕ್. ಬರೆದ ಇಮೇಲ್ ಫೋನಲ್ಲೇ ಕಾದಿದ್ದು, ಸಿಗ್ನಲ್ ಬಂದ ಕೂಡಲೇ ಹೊರಡುತ್ತೆ. ಸರ್ವರ್‌ಗಳೂ ಹೀಗೇ ಕಾದು, ಮತ್ತೆ ಮತ್ತೆ ಪ್ರಯತ್ನಿಸಿ ಮೇಲ್ ದಾಟಿಸುತ್ತವೆ. ಅವು ಮಾತಾಡೋ ಎಸ್‌ಎಂಟಿಪಿ ನಿಯಮವನ್ನು ಬರೆದವರು ಜಾನ್ ಪೋಸ್ಟೆಲ್.

ಅವರ ನೆನಪಾಗಿದ್ದು ಒಂದು ಜಗಳದಿಂದ. 2023ರಲ್ಲಿ ಬಂದ ಫ್ರೀಬಿಎಸ್‌ಡಿ 14, ಹಳೇ ಸೆಂಡ್‌ಮೇಲ್ ಬದಲು ಡಿಎಂಎ ಅನ್ನೋ ಪುಟ್ಟ ತಂತ್ರಾಂಶವನ್ನು ಡೀಫಾಲ್ಟ್ ಮಾಡಿತು. ಸೆಂಡ್‌ಮೇಲ್ ಒಳಗೇ ಉಳಿದಿದೆ. ಅದನ್ನು ಪೂರ್ತಿ ಕಿತ್ತುಹಾಕಬೇಕಾ? ನಮ್ಮಲ್ಲೇ ಎರಡು ಪಂಗಡ.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದಲ್ಲಿ. ಯುಸಿಎಲ್‌ಎಯಲ್ಲಿ ಓದ್ತಿದ್ದಾಗ, 1969ರಲ್ಲಿ, ಅರ್ಪಾನೆಟ್‌ನ ಮೊದಲ ನೋಡ್ ಅಲ್ಲೇ ಶುರುವಾಯ್ತು. ನೆಟ್‌ವರ್ಕಿನ ನಿಯಮಗಳನ್ನು ದಾಖಲಿಸೋ ಆರ್‌ಎಫ್‌ಸಿಗಳ ಸಂಪಾದಕರಾದ ಅವರು ಕೊನೇವರೆಗೂ ಆ ಕೆಲಸ ಬಿಡಲಿಲ್ಲ. ಯಾವ ಸೇವೆಗೆ ಯಾವ ಸಂಖ್ಯೆ ಅನ್ನೋ ಲೆಕ್ಕ ಇಟ್ಟವರೂ ಅವರೇ. ಉದ್ದ ಗಡ್ಡ, ಕಾಲಲ್ಲಿ ಸ್ಯಾಂಡಲ್. ನೋಡಿದ್ರೆ ಇಂಟರ್‌ನೆಟ್ಟಿನ ಶಾನುಭೋಗರು ಅಂತ ಯಾರೂ ಹೇಳ್ತಿರಲಿಲ್ಲ.

ಆಗ ಅರ್ಪಾನೆಟ್ ನಡೀತಿದ್ದದ್ದು ಎನ್‌ಸಿಪಿ ಮೇಲೆ. ಅದನ್ನು ಬಿಟ್ಟು ಟಿಸಿಪಿಗೆ ಹೋಗೋ ಯೋಜನೆಯನ್ನು ಪೋಸ್ಟೆಲ್ 1981ರ ನವೆಂಬರ್‌ನಲ್ಲಿ ಬರೆದರು. 1982ರಲ್ಲಿ ಹಳೇದು, ಹೊಸದು ಎರಡೂ ಜೊತೆಗಿರಬೇಕು. ಎರಡೂ ಭಾಷೆ ಬಲ್ಲ ಯಂತ್ರಗಳು ಮಧ್ಯೆ ನಿಂತು ಮೇಲ್ ದಾಟಿಸಬೇಕು. ಅದೇ ಆಗಸ್ಟ್‌ನಲ್ಲಿ ಎಸ್‌ಎಂಟಿಪಿ ಆರ್‌ಎಫ್‌ಸಿ 821 ಆಗಿ ಬಂತು. 1983ರ ಜನವರಿ 1ಕ್ಕೆ ಎನ್‌ಸಿಪಿ ಬಂದ್. ಎಲ್ಲರೂ ತಯಾರಿರಲಿಲ್ಲ, ಆದ್ರೆ ದಿನಾಂಕ ಮಾತ್ರ ಒಂದು ವರ್ಷ ಮುಂಚೆಯೇ ಎಲ್ಲರಿಗೂ ಗೊತ್ತಿತ್ತು.

ಸೆಂಡ್‌ಮೇಲ್ ಕೂಡ ಇಂಥದ್ದೇ ಸೇತುವೆ. ಬೇರೆ ಬೇರೆ ನೆಟ್‌ವರ್ಕ್‌ಗಳ ನಡುವೆ ಮೇಲ್ ದಾಟಿಸೋಕೆ ಬರ್ಕ್ಲಿಯಲ್ಲಿ ಎರಿಕ್ ಆಲ್‌ಮನ್ ಬರೆದದ್ದು. ದೊಡ್ಡದಾದಷ್ಟೂ ತೂತು ಜಾಸ್ತಿ: 1988ರ ಮಾರಿಸ್ ವರ್ಮ್ ನುಗ್ಗಿದ ದಾರಿಗಳಲ್ಲಿ ಸೆಂಡ್‌ಮೇಲ್ ಕೂಡ ಒಂದು. ಕಿತ್ತುಹಾಕಿ ಅನ್ನೋರ ಮಾತಲ್ಲಿ ಹುರುಳಿದೆ.

ಆದ್ರೆ ಇನ್ನೊಂದು ವಿಷಯ. 1986ರಲ್ಲಿ ಶುರುವಾದ ಅರ್ನೆಟ್‌ನಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಇತ್ತು. ಮೊದಮೊದಲು ಅರ್ನೆಟ್‌ನ ಮೇಲ್ ಓಡಾಡಿದ್ದು ಯುಯುಸಿಪಿ ಅನ್ನೋ ಇನ್ನೂ ಹಳೇ ತಂತ್ರಾಂಶದಲ್ಲಿ, ಡಯಲ್ ಮಾಡೋ ಫೋನ್ ಲೈನ್ ಮೇಲೆ. ಎಸ್‌ಎಂಟಿಪಿ ಬಂದಾಯ್ತು ಅಂತ ಹೊರದೇಶದವರು ಯುಯುಸಿಪಿ ತೆಗೆದುಬಿಟ್ಟಿದ್ರೆ, ನಮ್ಮ ಮೇಲ್ ಅಲ್ಲಿಗೆ ಹೋಗ್ತಿದ್ದದ್ದಾದ್ರೂ ಹೇಗೆ?

ಹೃದಯದ ಶಸ್ತ್ರಚಿಕಿತ್ಸೆಯ ನಂತರ, 1998ರ ಅಕ್ಟೋಬರ್ 16ರಂದು ಪೋಸ್ಟೆಲ್ ತೀರಿಕೊಂಡರು. ಆಗ ಅವರಿಗೆ 55 ವರ್ಷ. ಸರ್ವರ್‌ಗಳು ಇವತ್ತಿಗೂ ಒಂದಕ್ಕೊಂದು ಮೇಲ್ ಕೊಡೋದು ಪೋರ್ಟ್ 25ರಲ್ಲೇ.

ಹಾಗಾಗಿ ನಾವು ಒಪ್ಪಿಕೊಂಡದ್ದು ಇಷ್ಟು: ಸೆಂಡ್‌ಮೇಲ್ ತಾನಾಗೇ ಓಡೋದು ಬೇಡ, ಬೇಕಾದವರು ಹಾಕ್ಕೊಳ್ಳೋಕೆ ಪ್ಯಾಕೇಜ್ ಆಗಿ ಇರಲಿ. ಪೂರ್ತಿ ತೆಗೆಯೋ ದಿನ ಬಂದ್ರೆ, ಪೋಸ್ಟೆಲ್ ಮಾಡಿದ ಹಾಗೆ, ಒಂದು ವರ್ಷ ಮುಂಚೆ ಹೇಳಿಬಿಡಿ. ಸಿದ್ದಾಪುರದಲ್ಲಿ ಕರೆಂಟ್ ಬರೋದು ಸ್ವಲ್ಪ ಲೇಟು.