ಹರ್ಮನ್ ಮೊಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್ (೨೯ ಮೇ ೧೮೧೧ – ೧೦ ಮೇ ೧೮೮೧) ಬಾಸೆಲ್ ಮಿಷನ್ ಸಂಸ್ಥೆಯ ಜರ್ಮನ್ ಪಾದ್ರಿ ಹಾಗೂ ಕನ್ನಡದ ಮೊದಲ ಪತ್ರಿಕೆಯ ಸಂಪಾದಕ. ಕ್ರೈಸ್ತ ಧರ್ಮದ ಹಳೆಯ ಜಿಜ್ಞಾಸೆಗಳಲ್ಲಿ ಒಂದಾದ ದೇವರ ಸಾರ್ವಭೌಮತ್ವ ಮತ್ತು ಮನುಷ್ಯನ ಹೊಣೆಗಾರಿಕೆಯ ಪ್ರಶ್ನೆಯು ಇವರ ಕರ್ನಾಟಕದ ಬದುಕಿನಲ್ಲಿ ಮತ್ತೆ ಮತ್ತೆ ಎದುರಾಯಿತು.

ಜನನ ಮತ್ತು ಧಾರ್ಮಿಕ ಹಿನ್ನೆಲೆ

ಮೊಗ್ಲಿಂಗರು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಬ್ರಾಕನ್‌ಹೈಮ್‌ನಲ್ಲಿ ಜನಿಸಿದರು. ಟ್ಯೂಬಿಂಗನ್‌ನಲ್ಲಿ ದೇವತಾಶಾಸ್ತ್ರವನ್ನು ಅಭ್ಯಸಿಸಿದರು. ಆ ಪ್ರಾಂತ್ಯದಲ್ಲಿ ಪಯಟಿಸಂ ಎಂಬ ಭಕ್ತಿಪಂಥ ಪ್ರಬಲವಾಗಿತ್ತು. ರಕ್ಷಣೆಯು ಸಂಪೂರ್ಣವಾಗಿ ದೇವರ ಕೃಪೆಯೆಂದು ಈ ಪಂಥ ನಂಬುತ್ತಿತ್ತು. ಆದರೆ ಕೃಪೆಗೆ ಓಗೊಡುವುದು, ಪಶ್ಚಾತ್ತಾಪಪಟ್ಟು ನಡತೆಯನ್ನು ತಿದ್ದಿಕೊಳ್ಳುವುದು ಪ್ರತಿಯೊಬ್ಬನ ಹೊಣೆಯೆಂದೂ ಬೋಧಿಸುತ್ತಿತ್ತು. ರಕ್ಷಣೆ ಹೊಂದತಕ್ಕವರನ್ನು ದೇವರು ಮೊದಲೇ ಆರಿಸಿರುವನೆಂಬ ಕ್ಯಾಲ್ವಿನ್‌ನ ವಾದವನ್ನು ಒಪ್ಪುವವರಿಗೂ ಲೂಥರನ ಅನುಯಾಯಿಗಳಿಗೂ ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿತ್ತು. ೧೮೧೫ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಇಬ್ಬರಿಗೂ ಸ್ಥಾನ ಕೊಟ್ಟಿತು. ಮೊಗ್ಲಿಂಗರು ಆ ಸಂಸ್ಥೆಯನ್ನು ಸೇರಿ ೧೮೩೬ರಲ್ಲಿ ಭಾರತಕ್ಕೆ ಬಂದರು.

ಧಾರವಾಡ ಸೀಮೆ ಮತ್ತು ಕಾಲಜ್ಞಾನಿಗಳು

ಮಂಗಳೂರಿನಲ್ಲಿ ಕನ್ನಡ ಕಲಿತ ಬಳಿಕ ಮೊಗ್ಲಿಂಗರು ಧಾರವಾಡ ಸೀಮೆಯಲ್ಲಿಯೂ ಕೆಲಸ ಮಾಡಿದರು. ಆ ಭಾಗದಲ್ಲಿ ಕಾಲಜ್ಞಾನದ ವಚನಗಳನ್ನು ನಂಬುವ ಜನರಿದ್ದರು. ಪರದೇಶದವರು ಬಂದು ಹೊಸ ಧರ್ಮವನ್ನು ತಿಳಿಸುವರೆಂಬ ಭವಿಷ್ಯವಾಣಿ ತಮ್ಮಲ್ಲಿದೆಯೆಂದು ಅವರು ಪಾದ್ರಿಗಳಿಗೆ ಹೇಳಿದರು. ದೇವರು ತಾವು ಬರುವ ಮೊದಲೇ ನೆಲವನ್ನು ಹದಗೊಳಿಸಿರುವನೆಂದು ಪಾದ್ರಿಗಳು ಭಾವಿಸಿದರು. ಇವರಿಗಾಗಿ ಗದಗ-ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ ಒಂದು ಕೃಷಿ ವಸಾಹತು ಆರಂಭವಾಯಿತು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಕಾಲಕ್ರಮದಲ್ಲಿ ವಸಾಹತನ್ನು ಕೈಬಿಡಲಾಯಿತು. ಭವಿಷ್ಯವಾಣಿಯನ್ನು ನಂಬುವುದು ಬೇರೆ, ಮನೆತನ ಹಾಗೂ ಜಾತಿಯ ಕಟ್ಟನ್ನು ಮೀರಿ ಸ್ವಂತ ನಿರ್ಧಾರ ಮಾಡುವುದು ಬೇರೆ ಎಂಬುದನ್ನು ಈ ಪ್ರಸಂಗ ತೋರಿಸಿತು.

ಆನಂದರಾಯ ಕೌಂಡಿನ್ಯ

೧೮೪೪ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾಯ ಕೌಂಡಿನ್ಯರು ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಕೌಂಡಿನ್ಯರು ಮನೆಯನ್ನೂ ಬಂಧುಗಳನ್ನೂ ಕಳೆದುಕೊಂಡರು. ಹೀಗೆ ಒಬ್ಬನ ಆಯ್ಕೆಯ ಬೆಲೆಯನ್ನು ಅವನ ಕುಟುಂಬವೂ ತೆರಬೇಕಾಯಿತು. ೧೮೪೬ರಲ್ಲಿ ಮೊಗ್ಲಿಂಗರು ಅವರನ್ನು ಯೂರೋಪಿಗೆ ಕರೆದೊಯ್ದರು. ಬಾಸೆಲ್‌ನಲ್ಲಿ ಶಿಕ್ಷಣ ಮುಗಿಸಿದ ಕೌಂಡಿನ್ಯರು ೧೮೫೧ರಲ್ಲಿ ಪಾದ್ರಿಯಾಗಿ ಅಭಿಷಿಕ್ತರಾದರು.

ಸಾಹಿತ್ಯ ಸೇವೆ

೧೮೪೩ರ ಜುಲೈ ೧ರಂದು ಮೊಗ್ಲಿಂಗರು ‘ಮಂಗಳೂರ ಸಮಾಚಾರ’ ಎಂಬ ಪಾಕ್ಷಿಕವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಮರುವರ್ಷ ಅದು ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ವಾಯಿತು. ಕರ್ನಾಟಕದಲ್ಲಿ ಜುಲೈ ೧ನ್ನು ಇಂದಿಗೂ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ಕಾಸಾಮೇಜರ್ ಎಂಬ ಅಧಿಕಾರಿಯ ಧನಸಹಾಯದಿಂದ ಮೊಗ್ಲಿಂಗರು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯನ್ನು ಆರಂಭಿಸಿದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಅದರಲ್ಲಿ ಅಚ್ಚಾದವು. ಹರಿದಾಸರ ಕೆಲವು ಹಾಡುಗಳನ್ನು ಜರ್ಮನ್ ಭಾಷೆಗೂ ಅನುವಾದಿಸಿದರು. ಪರಮಾತ್ಮನ ಸ್ವಾತಂತ್ರ್ಯ ಮತ್ತು ಜೀವನ ಪಾರತಂತ್ರ್ಯವನ್ನು ಹಾಡಿದ ದಾಸರಲ್ಲಿ ಕೃಪೆಯ ಪ್ರಶ್ನೆ ಬೇರೊಂದು ಮತದ ನೆಲೆಯಿಂದ ಮೂಡಿಬಂದಿರುವುದನ್ನು ಓದುಗರು ಗಮನಿಸಬಹುದು.

ಕೊಡಗಿನಲ್ಲಿ

ಅಳ್ಮಂಡ ಸೋಮಯ್ಯ ಎಂಬ ಕೊಡವರು ಕ್ರೈಸ್ತಮತವನ್ನು ಸ್ವೀಕರಿಸಲು ಮೊಗ್ಲಿಂಗರನ್ನು ಆಶ್ರಯಿಸಿದರು. ಇದನ್ನು ದೇವರ ಕರೆಯೆಂದು ಗ್ರಹಿಸಿದ ಮೊಗ್ಲಿಂಗರು ೧೮೫೩ರಲ್ಲಿ ಕೊಡಗಿಗೆ ತೆರಳಿದರು. ಬಾಸೆಲ್ ಸಂಸ್ಥೆಯು ಆಗ ಅಲ್ಲಿ ಕೆಲಸ ಆರಂಭಿಸಲು ಸಿದ್ಧವಿರಲಿಲ್ಲವಾದ್ದರಿಂದ ಸ್ವಂತ ಹೊಣೆಯ ಮೇಲೆ ನೆಲಸಿದರು. ಕೊಡಗಿನ ಇತಿಹಾಸ ಹಾಗೂ ಜನಜೀವನದ ಕುರಿತ ಅವರ ಇಂಗ್ಲಿಷ್ ಗ್ರಂಥ ೧೮೫೫ರಲ್ಲಿ ಪ್ರಕಟವಾಯಿತು. ಜೀತದ ಸ್ಥಿತಿಯಲ್ಲಿದ್ದ ಹೊಲೆಯ ಸಮುದಾಯದಿಂದ ಮತಾಂತರಗೊಂಡವರಿಗಾಗಿ ಆನಂದಪುರ ಎಂಬ ವಸಾಹತನ್ನು ಕಟ್ಟಿದರು. ಮಲಸಮುದ್ರದಲ್ಲಿ ಭವಿಷ್ಯವಾಣಿ ಮುಂದಾಗಿ ಜನ ಹಿಂದುಳಿದಿದ್ದರೆ, ಇಲ್ಲಿ ಜನರೇ ಮೊದಲು ಬಂದರು, ಭೂಮಿಯ ಏರ್ಪಾಡು ಅನಂತರ ಆಯಿತು.

ಕೊನೆಯ ವರ್ಷಗಳು

೧೮೫೮ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೊಗ್ಲಿಂಗರಿಗೆ ಗೌರವ ಡಾಕ್ಟರೇಟ್ ನೀಡಿತು. ೧೮೬೦ರಲ್ಲಿ ಅವರು ಜರ್ಮನಿಗೆ ಮರಳಿದರು. ಮಲಯಾಳ ವಿದ್ವಾಂಸ ಹರ್ಮನ್ ಗುಂಡರ್ಟ್ ಅವರೊಂದಿಗೆ ಸೇರಿ, ಮಂಗಳೂರಿನ ಮೊದಲ ಬಾಸೆಲ್ ಪಾದ್ರಿಗಳಲ್ಲಿ ಒಬ್ಬರಾದ ಸಾಮ್ಯುವೆಲ್ ಹೆಬಿಕ್‌ರ ಜೀವನಚರಿತ್ರೆ ಬರೆದರು. ೧೮೮೧ರಲ್ಲಿ ಎಸ್ಲಿಂಗನ್‌ನಲ್ಲಿ ನಿಧನರಾದರು.

ಪರಿಣಾಮ

ದೇವರೇ ಎಲ್ಲವನ್ನೂ ನಡೆಸುವನೆಂದರೆ ಮನುಷ್ಯ ಸುಮ್ಮನಿರಬಹುದೆಂಬ ತೀರ್ಮಾನವನ್ನು ಪಯಟಿಸಂ ಒಪ್ಪುವುದಿಲ್ಲ. ದೇವರು ಒಳಗಿದ್ದು ಪ್ರೇರೇಪಿಸುವುದರಿಂದಲೇ ಮನುಷ್ಯ ಭಯಭಕ್ತಿಯಿಂದ ಶ್ರಮಿಸಬೇಕೆಂಬುದು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಬೋಧನೆ. ಮೊಗ್ಲಿಂಗರ ಮತಪ್ರಚಾರದ ಫಲ ಅವರು ಬಯಸಿದಷ್ಟು ದೊರೆಯಲಿಲ್ಲ. ಆದರೆ ಆ ಹೊಣೆಯ ಭಾಗವಾಗಿ ಅವರು ಕಲಿತು, ಸಂಗ್ರಹಿಸಿ, ಅಚ್ಚು ಹಾಕಿಸಿದ ಕನ್ನಡ ಕೃತಿಗಳು ಮತಭೇದವಿಲ್ಲದೆ ಎಲ್ಲ ಕನ್ನಡಿಗರಿಗೂ ಉಳಿದವು.