ಬೆಳ್ಳಾವೆ ವೆಂಕಟನಾರಣಪ್ಪ: ಎರಡೇ ವರ್ಷ ಬದುಕಿದ ‘ವಿಜ್ಞಾನ’ದ ಸಂಪಾದಕ

ಸಾವಳಗಿಯಲ್ಲಿ ಕನ್ನಡ ಮೀಡಿಯಂನಲ್ಲೇ ಹತ್ತನೇ ಕ್ಲಾಸ್ ಮುಗಿಸಿದ ಹುಡುಗಿಯೊಬ್ಬಳು ಜಮಖಂಡಿಯಲ್ಲಿ ಪಿಯುಸಿ ಸೈನ್ಸ್ ಸೇರ್ತಾಳೆ ಅಂದುಕೊಳ್ಳಿ. ನಿನ್ನೆವರೆಗೂ ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಅಂತ ಓದಿದವಳ ಮುಂದೆ ಒಂದೇ ದಿನದಲ್ಲಿ ಎಲ್ಲವೂ ಇಂಗ್ಲಿಷ್. ಮೂರು ತಿಂಗಳಾಗುವಷ್ಟರಲ್ಲಿ ಆಕೆಗೆ ಅನಿಸೋದು ಭಾಷೆ ಬದಲಾಯ್ತು ಅಂತಲ್ಲ, ತನಗೆ ತಲೆ ಇಲ್ಲ ಅಂತ. ಹೀಗೆ ಸೈನ್ಸ್ ಬಿಟ್ಟು ಹೊರಬಂದ ಮಕ್ಕಳು ಪ್ರತಿ ಊರಲ್ಲೂ ಸಿಗ್ತಾರೆ.

ವಿಜ್ಞಾನಕ್ಕೂ ಕನ್ನಡಕ್ಕೂ ನಡುವಿನ ಈ ಗೋಡೆಯನ್ನು ನೂರು ವರ್ಷಗಳ ಹಿಂದೆಯೇ ಒಡೆಯಲು ಹೊರಟ ಮೇಷ್ಟ್ರೊಬ್ಬರಿದ್ದರು. ಅವರು ಬೆಳ್ಳಾವೆ ವೆಂಕಟನಾರಣಪ್ಪ. ಸಾವಳಗಿ ಸೀಮೆಗೆ ಅವರು ಪೂರ್ತಿ ಹೊರಗಿನವರೂ ಅಲ್ಲ. 1937ರಲ್ಲಿ ಜಮಖಂಡಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಇವರೇ.

ಹುಟ್ಟಿದ್ದು 1872ರಲ್ಲಿ. ಹೆಸರಿನ ಜೊತೆ ಬಂದ ಬೆಳ್ಳಾವೆ ತುಮಕೂರಿನ ಹತ್ತಿರದ ಊರು. ಓದಿದ್ದು ಭೌತಶಾಸ್ತ್ರ, ಕಲಿಸಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದ ಕಾಲ ಅದು. ಕನ್ನಡ ಅಂದರೆ ಮನೆಮಾತು, ಪುರಾಣ, ಕಾವ್ಯ. ಬೆಳಕು, ವಿದ್ಯುತ್ತು, ಶಾಖ ಇವನ್ನೆಲ್ಲ ಈ ಭಾಷೆಯಲ್ಲಿ ಹೇಳಬಹುದು ಅಂತ ಓದಿದವರೇ ನಂಬುತ್ತಿರಲಿಲ್ಲ.

ವೆಂಕಟನಾರಣಪ್ಪ ನಂಬಿದರು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಆರಂಭದಿಂದಲೇ ಅದರ ಕೆಲಸಕ್ಕೆ ಹೆಗಲು ಕೊಟ್ಟರು. ಬಳಿಕ ಸಮಾನ ಮನಸ್ಕರು ಸೇರಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿ ಕಟ್ಟಿಕೊಂಡರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಜೊತೆ ವೆಂಕಟನಾರಣಪ್ಪ ‘ವಿಜ್ಞಾನ’ ಅನ್ನೋ ಮಾಸಪತ್ರಿಕೆ ಶುರು ಮಾಡಿದರು. ಕನ್ನಡದಲ್ಲಿ ವಿಜ್ಞಾನಕ್ಕೇ ಮೀಸಲಾದ ಮೊದಲ ಪತ್ರಿಕೆ ಅದು.

ಇಂಥ ಪತ್ರಿಕೆಯ ಸಂಪಾದಕ ಅಂದರೆ ಬಂದ ಲೇಖನ ತಿದ್ದಿ ಅಚ್ಚಿಗೆ ಕಳಿಸೋದಷ್ಟೇ ಅಲ್ಲ. ಪ್ರತಿ ಸಂಚಿಕೆಗೂ ಮೊದಲು ಪದ ಹುಡುಕಬೇಕು. ಹೊಸದಾಗಿ ಕಟ್ಟಬೇಕೋ, ಸಂಸ್ಕೃತದಿಂದ ತರಬೇಕೋ, ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳಬೇಕೋ ಅಂತ ತೀರ್ಮಾನಿಸಬೇಕು. ಬರೆಯಬಲ್ಲವರು ಬೆರಳೆಣಿಕೆ, ಅವರೂ ಕನ್ನಡದಲ್ಲಿ ವಿಜ್ಞಾನ ಬರೆದು ಅಭ್ಯಾಸ ಇಲ್ಲದವರು.

ಆ ಹೊತ್ತನ್ನೂ ಗಮನಿಸಿ. 1918 ಅಂದರೆ ಮಹಾಯುದ್ಧದ ಕೊನೆಯ ವರ್ಷ. ಇನ್‌ಫ್ಲುಯೆಂಜಾ ಬಂದು ಮೈಸೂರು ಸಂಸ್ಥಾನದಲ್ಲೂ ಜನ ಸಾಲುಸಾಲಾಗಿ ಸತ್ತ ವರ್ಷ. ರೋಗ ಹೇಗೆ ಹರಡುತ್ತೆ ಅನ್ನೋದು ಜನರ ಭಾಷೆಯಲ್ಲಿ ಇಲ್ಲದಿದ್ದರೆ ಏನಾಗುತ್ತೆ ಅಂತ ಕೋವಿಡ್ ಕಂಡ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಅದೇ 1918ರಲ್ಲಿ ಮೈಸೂರಿನಲ್ಲಿ ಇನ್ನೊಂದು ಕೆಲಸವೂ ಶುರುವಾಯ್ತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಎಷ್ಟು ಅಂತ ನೋಡಲು ಮಿಲ್ಲರ್ ಸಮಿತಿ ನೇಮಕವಾಯ್ತು. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ‘ವಿಜ್ಞಾನ’ ಕಟ್ಟಿದವರು ಇಂಗ್ಲಿಷ್ ಕಲಿತ ಸಣ್ಣ ವರ್ಗದವರು. ಅವರ ಕನ್ನಡದಲ್ಲಿ ಸಂಸ್ಕೃತದ ಭಾರ ಇತ್ತು. ಬಹುಪಾಲು ಶೂದ್ರರು, ದಲಿತರು, ಹೆಂಗಸರು ಆಗ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಕನ್ನಡದಲ್ಲಿ ಬರೆದ ಮಾತ್ರಕ್ಕೆ ಅದು ಎಲ್ಲ ಕನ್ನಡಿಗರಿಗೂ ತಲುಪಿತು ಅನ್ನೋಕಾಗಲ್ಲ. ಆದರೆ ಜ್ಞಾನವನ್ನು ಇಂಗ್ಲಿಷಿನ ಬೀಗದಲ್ಲಿ ಇಟ್ಟುಕೊಂಡೇ ಲಾಭ ಪಡೆಯಬಹುದಾಗಿದ್ದ ಮನುಷ್ಯ ಆ ಬೀಗ ತೆಗೆಯಲು ಹೊರಟರು ಅನ್ನೋದೂ ಅಷ್ಟೇ ನಿಜ.

ಎರಡು ವರ್ಷದಲ್ಲಿ ಪತ್ರಿಕೆ ನಿಂತುಹೋಯ್ತು.

ಬೇರೆ ಕಡೆ ಏನಾಯ್ತು ನೋಡಿ. ಪ್ರಯಾಗದ ವಿಜ್ಞಾನ ಪರಿಷತ್ತು 1915ರಲ್ಲಿ ಶುರು ಮಾಡಿದ ಹಿಂದಿ ಪತ್ರಿಕೆಯ ಹೆಸರೂ ‘ವಿಜ್ಞಾನ’ವೇ. ಅದನ್ನೂ ಆರಂಭಿಸಿದ್ದು ಕಾಲೇಜು ಮೇಷ್ಟ್ರುಗಳೇ. ಅದು ನೂರು ವರ್ಷ ದಾಟಿತು. ಅದೇ 1915ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಚೀನೀ ವಿದ್ಯಾರ್ಥಿಗಳು ತಮ್ಮ ಭಾಷೆಯಲ್ಲಿ ‘ಕೆಶ್ಯುವೆ’, ಅಂದರೆ ವಿಜ್ಞಾನ ಅನ್ನೋ ಪತ್ರಿಕೆಯನ್ನೇ ತಂದರು. ಅದು ದಶಕಗಳ ಕಾಲ ನಡೆಯಿತು, ನಡುವೆ ನಿಂತರೂ ಮತ್ತೆ ಎದ್ದಿತು. ಅಲ್ಲೆಲ್ಲ ಒಂದು ತಲೆಮಾರು ಸುಸ್ತಾದಾಗ ಇನ್ನೊಂದು ತಲೆಮಾರು ಕೈ ಹಾಕಿತು. ಕನ್ನಡದ ‘ವಿಜ್ಞಾನ’ಕ್ಕೆ ಆ ಕೈ ಸಿಗಲಿಲ್ಲ.

ಪತ್ರಿಕೆ ಹೋದರೂ ವೆಂಕಟನಾರಣಪ್ಪ ಕೆಲಸ ಬಿಡಲಿಲ್ಲ. ಭೌತಶಾಸ್ತ್ರದ ಮೇಷ್ಟ್ರು ಹಳಗನ್ನಡಕ್ಕೆ ಕೈ ಹಾಕಿದರು. ಪಂಪಭಾರತವನ್ನು ಅವರು ಸಂಪಾದಿಸಿ ಕೊಟ್ಟರು, 1931ರಲ್ಲಿ ಪರಿಷತ್ತು ಪ್ರಕಟಿಸಿತು. ಕೆಲವರಿಗೆ ಇದು ದಾರಿ ಬದಲಿಸಿದಂತೆ ಕಾಣಬಹುದು. ನನಗೆ ಹಾಗನಿಸಲ್ಲ. ಹೊಸ ವಿಷಯಕ್ಕೆ ಪದ ಬೇಕಾದವನು ಭಾಷೆಯ ಹಳೇ ಕಣಜಕ್ಕೂ ಇಳಿಯಲೇಬೇಕು.

1937ರಲ್ಲಿ ಜಮಖಂಡಿ. ಅದಾಗ ಪಟವರ್ಧನ ಅರಸರ ಸಂಸ್ಥಾನ, ಆಳುವವರು ಮರಾಠಿಗರು. ಕನ್ನಡ ನಾಡು ಮುಂಬೈ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು, ಜೊತೆಗೆ ಇಂಥ ಸಣ್ಣ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿತ್ತು. ಅಂಥ ಊರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಪೀಠದಲ್ಲಿ ವಿಜ್ಞಾನದ ಮೇಷ್ಟ್ರು ಕೂತಿದ್ದು ಸಣ್ಣ ವಿಷಯವಲ್ಲ. ಕನ್ನಡದ ಚಳವಳಿ ಅಂದರೆ ಕವಿಗಳ ವ್ಯವಹಾರ ಮಾತ್ರ ಅಲ್ಲ ಅನ್ನೋದನ್ನ ಆ ಆಯ್ಕೆಯೇ ಹೇಳುತ್ತೆ. ಈಗಿನ ಸಮ್ಮೇಳನಗಳಲ್ಲಿ ಅಂಥ ಅಧ್ಯಕ್ಷರನ್ನು ಊಹಿಸೋದೂ ಕಷ್ಟ.

1939ರಲ್ಲಿ ಅವರ ‘ಜೀವವಿಜ್ಞಾನ’ ಪುಸ್ತಕ ಬಂತು. ಆಗ ವಯಸ್ಸು 67. ವಿಷಯ ತಮ್ಮದಲ್ಲ, ಆದರೂ ಕೂತು ಬರೆದರು. ಪರಿಷತ್ತಿನ ದೊಡ್ಡ ನಿಘಂಟಿನ ಯೋಜನೆಯ ಆರಂಭದಲ್ಲೂ ಇದ್ದರು. 1943ರಲ್ಲಿ ತೀರಿಕೊಂಡರು. ಆ ನಿಘಂಟಿನ ಕೊನೆಯ ಸಂಪುಟ ಹೊರಬರುವಾಗ 1995 ಆಗಿತ್ತು.

ಇವತ್ತು ಕನ್ನಡದ ಹೆಸರಲ್ಲಿ ಬೋರ್ಡ್‌ಗೆ ಮಸಿ ಬಳಿಯೋರು ಬೇಕಾದಷ್ಟಿದ್ದಾರೆ. ಪಿಯುಸಿ ಫಿಸಿಕ್ಸನ್ನು ಕನ್ನಡದಲ್ಲಿ ಅರ್ಥವಾಗುವ ಹಾಗೆ ಬರೆಯಿರಿ, ತಿಂಗಳು ತಿಂಗಳು ಬರೆಯಿರಿ ಅಂದರೆ ಎಷ್ಟು ಜನ ಬರ್ತಾರೆ? ಇದು ಘೋಷಣೆ ಕೂಗಿದಂತಲ್ಲ. ಚಪ್ಪಾಳೆ ಸಿಗಲ್ಲ, ಎರಡು ವರ್ಷಕ್ಕೆ ನಿಂತೂ ಹೋಗಬಹುದು. ಆದರೆ ಸಾವಳಗಿಯ ಆ ಹುಡುಗಿಗೆ ಬೇಕಿರೋದು ಇದೇ. ವೆಂಕಟನಾರಣಪ್ಪ ತಮ್ಮ ಪಾಲಿನದ್ದನ್ನ ಮಾಡಿ ಹೋದರು. ಆವತ್ತು ಸಿಗದ ಇನ್ನೊಂದು ತಲೆಮಾರಿನ ಕೈ ನಮ್ಮದಾಗಬಾರದು ಯಾಕೆ?