ಧರ್ಮನಿಷ್ಠ ಅಧ್ಯಾಪಕ, ಜನನಾಯಕ ದಿ. ಅಣ್ಣಾಸಾಹೇಬ ಲಠ್ಠೆ

ಜೈನ ಸಮಾಜದಲ್ಲಿ ಆಧುನಿಕ ವಿದ್ಯೆಯ ಬೀಜ ಬಿತ್ತಿದ ಮಹನೀಯರಲ್ಲಿ ದಿವಂಗತ ಅಣ್ಣಾಸಾಹೇಬ ಬಾಬಾಜಿ ಲಠ್ಠೆಯವರು ಪ್ರಾತಃಸ್ಮರಣೀಯರು. 1878ರಲ್ಲಿ ಕುರುಂದವಾಡದಲ್ಲಿ ಜನಿಸಿದ ಅವರು ಉನ್ನತ ವ್ಯಾಸಂಗ ಮುಗಿಸಿ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು. 1899ರಲ್ಲಿ ನಿಪ್ಪಾಣಿಯ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ ಉದಯಿಸಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಆದ್ಯ ಕಾರ್ಯಕರ್ತರಲ್ಲಿ ಅವರೊಬ್ಬರು. ಜೈನಧರ್ಮವನ್ನು ಪರಿಚಯಿಸುವ ಅವರ ಇಂಗ್ಲಿಷ್ ಗ್ರಂಥವು 1905ರಲ್ಲಿ ಪ್ರಕಟವಾಯಿತು.

ಕೊಲ್ಹಾಪುರದ ಜೈನ ವಿದ್ಯಾರ್ಥಿನಿಲಯದ ಹೊಣೆಯನ್ನೂ ಹೊತ್ತಿದ್ದ ಅವರಿಗೆ 1914ರಲ್ಲಿ ಕಠಿಣ ಪರೀಕ್ಷೆ ಎದುರಾಯಿತು. ಬ್ರಿಟಿಷ್ ರಾಜಮನೆತನದ ಪ್ರತಿಮೆಗೆ ಯಾರೋ ಡಾಂಬರು ಬಳಿದ ಪ್ರಕರಣದಲ್ಲಿ ಸಂಶಯದ ದೃಷ್ಟಿ ಅವರ ಮೇಲೆ ಬಿತ್ತು. ಅವರ ವಿರುದ್ಧ ಸುಳ್ಳು ಸಾಕ್ಷ್ಯ ನುಡಿಯುವಂತೆ ಅದೇ ವಿದ್ಯಾರ್ಥಿನಿಲಯದಲ್ಲಿ ಬೆಳೆದ ಭಾವೂರಾವ್ ಪಾಟೀಲರನ್ನು ಪೀಡಿಸಲಾಯಿತು. ಸೆರೆವಾಸ, ಚಿತ್ರಹಿಂಸೆಗಳಿಗೂ ಆ ತರುಣ ಮಣಿಯಲಿಲ್ಲ. ಗುರುವು ಕಲಿಸಿದ ಸತ್ಯವ್ರತವನ್ನು ಶಿಷ್ಯನು ಗುರುವಿಗಾಗಿಯೇ ಪಾಲಿಸಿದನು. ಮುಂದೆ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿ ಬಡ ಮಕ್ಕಳಿಗೆ ವಿದ್ಯಾದಾನ ಮಾಡಿದ ಕರ್ಮವೀರರು ಇವರೇ.

ಕೊಲ್ಹಾಪುರವನ್ನು ತೊರೆದ ಲಠ್ಠೆಯವರು ಬೆಳಗಾವಿಯಲ್ಲಿ ವಕೀಲಿ ವೃತ್ತಿ ಆರಂಭಿಸಿ ಸಾರ್ವಜನಿಕ ಜೀವನಕ್ಕಿಳಿದರು. ಹಿಂದುಳಿದವರ ಪರವಾಗಿ ದುಡಿದು, ಕೇಂದ್ರ ಶಾಸನಸಭೆಯ ಸದಸ್ಯರಾದರು. ತಮ್ಮನ್ನು ಶಂಕಿಸಿದ ರಾಜ್ಯದ ಮೇಲೆ ಅವರು ದ್ವೇಷವನ್ನು ಬೆಳೆಸಿಕೊಳ್ಳಲಿಲ್ಲ. ಶಾಹು ಮಹಾರಾಜರ ಜೀವನಚರಿತ್ರೆಯನ್ನು ಬರೆದು 1924ರಲ್ಲಿ ಪ್ರಕಟಿಸಿದರು. ಅದೇ ಕೊಲ್ಹಾಪುರ ಸಂಸ್ಥಾನದ ದಿವಾನರಾಗಿಯೂ ಸೇವೆ ಸಲ್ಲಿಸಿದರು. ಕ್ಷಮಾಧರ್ಮಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕೇ?

1937ರಲ್ಲಿ ಪ್ರಾಂತೀಯ ಸ್ವಾಯತ್ತತೆ ಬಂದಾಗ, ನಮ್ಮ ಮಂಜೇಶ್ವರವು ಸೇರಿದ್ದ ಮದರಾಸಿನಂತೆಯೇ ಮುಂಬಯಿ ಪ್ರಾಂತದಲ್ಲೂ ಕಾಂಗ್ರೆಸ್ ಸರಕಾರ ರಚನೆಯಾಯಿತು. ಬಿ. ಜಿ. ಖೇರರ ಆ ಮಂತ್ರಿಮಂಡಲದಲ್ಲಿ ಲಠ್ಠೆಯವರು ಅರ್ಥಮಂತ್ರಿಗಳಾದರು. 1939ರಲ್ಲಿ ಮುಂಬಯಿ ನಗರದಲ್ಲಿ ಪಾನನಿರೋಧ ಜಾರಿಯಾಯಿತು. ಅಬಕಾರಿ ಆದಾಯದ ನಷ್ಟವನ್ನು ತುಂಬಲು ನಗರದ ಸ್ಥಿರಾಸ್ತಿಗಳ ಮೇಲೆ ತೆರಿಗೆ ವಿಧಿಸಲಾಯಿತು. ಸಿರಿವಂತರ ಅಸಮಾಧಾನಕ್ಕೆ ಸರಕಾರ ಹಿಂಜರಿಯಲಿಲ್ಲ. ಮದ್ಯತ್ಯಾಗವನ್ನು ಮೂಲಗುಣವೆಂದು ಬಗೆಯುವ ಶ್ರಾವಕನಿಗೆ ಒದಗಿದ ಯೋಗ್ಯ ಕಾರ್ಯವಿದು. ಅದೇ ವರ್ಷ, ಭಾರತವನ್ನು ಕೇಳದೆ ಯುದ್ಧಕ್ಕೆ ಎಳೆದುದನ್ನು ಪ್ರತಿಭಟಿಸಿ ಮಂತ್ರಿಮಂಡಲವು ರಾಜೀನಾಮೆ ನೀಡಿತು.

1950ರಲ್ಲಿ ಲಠ್ಠೆಯವರು ಇಹಲೋಕ ತ್ಯಜಿಸಿದರು. ಬಸದಿಯಲ್ಲಿ ಕೇಳಿದ ಸತ್ಯ, ಕ್ಷಮೆ, ಸಂಯಮಗಳನ್ನು ತರಗತಿಗೂ ಶಾಸನಸಭೆಗೂ ಕೊಂಡೊಯ್ದ ಅವರ ಬಾಳು ನಮ್ಮ ಯುವಜನಾಂಗಕ್ಕೆ ದಾರಿದೀಪವಾಗಲಿ.